ತೆಂಗಿನಕಾಯಿ ನೀರಿನಿಂದ ಅಂಗಾಂಶಕ್ಕೆ ಆಸರೆ: ಬ್ಯಾಕ್ಟೀರಿಯಾ ಸೆಲ್ಯುಲೋಸ್ ಜೆಲ್‌ನ ಸಾಧ್ಯತೆ ಮತ್ತು ಮಿತಿ

ತಿಪಟೂರು ತಾಲೂಕಿನ ಬಿಳಿಗೆರೆ ಸೀಮೆಯಲ್ಲಿ ಕಾಯಿಯ ನೀರಿಗೆ ಎರಡು ಗತಿ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿಯಲ್ಲಿ ಅದು ತಿಂಗಳುಗಟ್ಟಲೆ ಒಳಗೇ ಇಂಗುತ್ತದೆ. ಕೊಬ್ಬರಿ ಪುಡಿಗಾಗಿ ಹಸಿಗಾಯಿ ಒಡೆಯುವಲ್ಲಿ ನೀರು ಹೊರಬರುತ್ತದೆ. ಈ ಎರಡನೆಯ ನೀರು ಅಂಗಾಂಶ ಬೆಳೆಸುವ ಜೆಲ್‌ಗೆ ಯೋಗ್ಯ ಕಚ್ಚಾವಸ್ತು ಎಂಬುದು ಈ ಲೇಖನದ ವಾದ.

ಜೆಲ್ ಕಟ್ಟುವುದು ತೆಂಗಲ್ಲ, ಕೊಮಗಟೈಬ್ಯಾಕ್ಟರ್ ಝೈಲಿನಸ್ ಎಂಬ ಬ್ಯಾಕ್ಟೀರಿಯಾ. ಅದರ ಸೆಲ್ಯುಲೋಸನ್ನು ಎ. ಜೆ. ಬ್ರೌನ್ 1886ರಲ್ಲೇ ವಿವರಿಸಿದ್ದರು. ಫಿಲಿಪ್ಪೀನ್ಸ್‌ನಲ್ಲಿ 1949ರಿಂದ ಇದು ನಾಟಾ ಡಿ ಕೊಕೊ ಎಂಬ ತಿನಿಸಾಗಿ ಪ್ರಚಾರದಲ್ಲಿದೆ. ನೀರನ್ನು ಸೋಸಿ, ಕುದಿಸಿ, ಸಕ್ಕರೆ ಮತ್ತು ಅಸಿಟಿಕ್ ಆಮ್ಲ ಬೆರೆಸಿ, ಆರಿದ ಮೇಲೆ ಹೆಪ್ಪು ಹಾಕಿ ಅಗಲ ತಟ್ಟೆಯಲ್ಲಿ ಅಲುಗಾಡಿಸದೆ ಇಡಬೇಕು. ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕಾದ್ದರಿಂದ ಗಾಳಿ ತಾಗುವ ಮೇಲ್ಮೈಯಲ್ಲೇ ಪದರ ಕಟ್ಟುತ್ತದೆ. ಒಂದೆರಡು ವಾರಗಳಲ್ಲಿ ಬಿಳಿಯ ದಪ್ಪ ಹಾಳೆಯಾಗುತ್ತದೆ. ಅದರ ತೂಕದ ನೂರರಲ್ಲಿ ಸುಮಾರು 99 ಪಾಲು ನೀರು. ಉಳಿದದ್ದು 100 ನ್ಯಾನೊಮೀಟರಿಗಿಂತ ಸಣ್ಣ ಎಳೆಗಳ ಜಾಲ. ರಚನೆಯಲ್ಲಿ ಅದು ನಮ್ಮ ಚರ್ಮದೊಳಗಿನ ಕೊಲಾಜೆನ್ ಜಾಲಕ್ಕೆ ಬಹಳ ಹತ್ತಿರ.

ಸುಟ್ಟಗಾಯಕ್ಕೆ ಹೊದಿಸುವ ಪದರವಾಗಿ ಬ್ರೆಜಿಲ್‌ನಲ್ಲಿ ಬ್ಯಾಕ್ಟೀರಿಯಾ ಸೆಲ್ಯುಲೋಸ್ 1990ರ ಹೊತ್ತಿಗೇ ಬಳಕೆಗೆ ಬಂದಿತ್ತು. 2005ರಲ್ಲಿ ಸ್ವೆನ್ಸನ್ ಮತ್ತು ಸಂಗಡಿಗರು ದನದ ಮೃದ್ವಸ್ಥಿ ಕೋಶಗಳನ್ನು ಇದರ ಮೇಲೆ ಬೆಳೆಸಿದರು. ಮರುವರ್ಷ ಹೆಲೆನಿಯಸ್ ತಂಡ ಇಲಿಗಳ ಚರ್ಮದಡಿ 12 ವಾರಗಳವರೆಗೆ ಇರಿಸಿ ನೋಡಿತು: ದೇಹ ಅದನ್ನು ದೂರವಿಡುವ ನಾರಿನ ಪೊರೆ ಕಟ್ಟಲಿಲ್ಲ, ಸುತ್ತ ಹೊಸ ರಕ್ತನಾಳಗಳು ಮೂಡಿದವು.

ತೊಡಕು ಇಲ್ಲಿಂದ ಮುಂದೆ. ಸೆಲ್ಯುಲೋಸ್ ಕರಗಿಸುವ ಕಿಣ್ವ ಮನುಷ್ಯನ ಅಂಗಾಂಶಗಳಲ್ಲಿಲ್ಲ. ಒಳಗಿಟ್ಟ ಜೆಲ್ ಒಳಗೇ ಉಳಿಯುತ್ತದೆ. ರಂಧ್ರಗಳು ಕಿರಿದಾದ್ದರಿಂದ ಕೋಶಗಳು ಆಳಕ್ಕಿಳಿಯಲಾರವು. ಮೇಣದ ಕಣಗಳನ್ನು ಸೇರಿಸಿ ಬೆಳೆಸಿ ಆಮೇಲೆ ತೆಗೆದರೆ ರಂಧ್ರ ಹಿಗ್ಗುತ್ತದೆ. ಪರ್‌ಅಯೊಡೇಟ್‌ನಿಂದ ಆಕ್ಸಿಡೀಕರಿಸಿದರೆ ನಿಧಾನವಾಗಿ ಕರಗುತ್ತದೆ, ಆದರೆ ಬಲ ಕುಂದುತ್ತದೆ. ಹೀಗಾಗಿ ಸದ್ಯ ಗಾಯದ ಹೊದಿಕೆಯನ್ನೇ ಮೊದಲ ಗುರಿಯಾಗಿ ಹಿಡಿಯುವುದು ಸರಿ, ಮೃದ್ವಸ್ಥಿ ನಂತರದ್ದು. ಇಡೀ ಅಂಗ ಬೆಳೆಸುವ ಮಾತು ಇಲ್ಲಿ ಸಲ್ಲದು.

ತಿನ್ನುವ ಜೆಲ್‌ಗೂ ಗಾಯಕ್ಕೆ ಹಾಕುವ ಜೆಲ್‌ಗೂ ಇರುವ ಅಂತರ ಶುದ್ಧೀಕರಣದಲ್ಲಿದೆ. ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕಾಯಿಸಿ, ಕ್ಷಾರ ಹೋಗುವವರೆಗೆ ತೊಳೆದರೂ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಎಂಬ ವಿಷಾಂಶ ಉಳಿದಿರಬಹುದು. ಪ್ರತಿ ಸಲ ತಯಾರಿಸಿದ ಜೆಲ್ಲನ್ನೂ ಪರೀಕ್ಷಿಸಲೇಬೇಕು. ಕಾಯಿ ಬಲಿತಷ್ಟೂ ನೀರಿನ ಸಕ್ಕರೆಯಂಶ ಬದಲಾಗುತ್ತದೆ, ಒಡೆದ ನೀರು ಬೇಗ ಹುಳಿಯುತ್ತದೆ. ಆದ್ದರಿಂದ ಕಾಯಿ ಒಡೆಯುವ ಜಾಗದಲ್ಲೇ ನೀರನ್ನು ಸೋಸಿ ಕುದಿಸಿ, ಸಕ್ಕರೆ ಅಳೆದು, ಆ ಲೆಕ್ಕವನ್ನು ಡಬ್ಬಿಯ ಜೊತೆಗೇ ಪ್ರಯೋಗಾಲಯಕ್ಕೆ ಕಳಿಸಬೇಕಾಗುತ್ತದೆ.