ಆಟ ನಮ್ಮ ಮನೆಯಲ್ಲಿ, ಬಾಗಿಲು ಯಾರ ಕೈಯಲ್ಲಿ?



ನಿಮ್ಮ ಮಗ ಪುಣೆಯಲ್ಲಿದ್ದಾನೆ, ಅವನ ಚಿಕ್ಕಪ್ಪನ ಮಗ ಧಾರವಾಡದಲ್ಲಿ ಅಂದುಕೊಳ್ಳಿ. ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಪಡಸಾಲೆಯಲ್ಲಿ ಕೂತು ಆಡಿದ ಕಂಪ್ಯೂಟರ್ ಆಟವನ್ನು ಈಗ ಊರು ಬಿಟ್ಟ ಮೇಲೂ ಮುಂದುವರಿಸಬೇಕು ಅಂತ ಇಬ್ಬರಿಗೂ ಆಸೆ. ಪುಣೆಯವನು ತನ್ನ ಕಂಪ್ಯೂಟರಿನಲ್ಲಿ ಆಟ ತೆರೆದಿಟ್ಟು ಕಾಯುತ್ತಾನೆ. ಧಾರವಾಡದವನ ಪರದೆಯ ಮೇಲೆ 'ಸಂಪರ್ಕ ಸಿಗುತ್ತಿಲ್ಲ' ಎಂಬ ಒಂದೇ ಸಾಲು. ಇಬ್ಬರಿಗೂ ಇಂಟರ್‌ನೆಟ್ ಇದೆ, ಸಿನಿಮಾ ಬರುತ್ತದೆ, ಹಾಡು ಬರುತ್ತದೆ, ಅಜ್ಜನ ಮುಖ ಕಾಣುವ ಫೋನೂ ಬರುತ್ತದೆ. ಆಟ ಮಾತ್ರ ಬರುವುದಿಲ್ಲ. ಯಾಕೆ ಅಂತ ಕೇಳಿದರೆ ಮೂವತ್ತು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ. ಬನ್ನಿ, ಹೋಗಿಬರೋಣ.

1993ರ ಡಿಸೆಂಬರ್ 10. ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಪುಟ್ಟ ಕಂಪನಿ 'ಡೂಮ್' ಆಟವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಣಕಕ್ಕೆ ಏರಿಸಲು ಹೊರಟಿತು. ಆಟಕ್ಕಾಗಿ ಕಾದಿದ್ದವರು ಮೊದಲೇ ನುಗ್ಗಿ ಕೂತಿದ್ದರಿಂದ ಆಟ ತಂದವರಿಗೇ ಒಳಗೆ ಜಾಗವಿರಲಿಲ್ಲ. ಆನ್‌ಲೈನ್ ಆಟದ ಚರಿತ್ರೆಯ ಶುರುವಿನಲ್ಲೇ ಸಂಪರ್ಕದ ತಾಪತ್ರಯ!

ಡೂಮ್ ಅನ್ನು ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತು. ಪ್ರತಿ ಕಂಪ್ಯೂಟರ್ ತನ್ನ ಆಟಗಾರ ಒತ್ತಿದ ಕೀಲಿಗಳ ಸುದ್ದಿಯನ್ನು ಸೆಕೆಂಡಿಗೆ 35 ಸಲ ಉಳಿದವರಿಗೆ ಕಳಿಸಬೇಕು. ಎಲ್ಲರ ಸುದ್ದಿಯೂ ಬಂದು ಸೇರಿದ ಮೇಲೇ ಆಟ ಒಂದು ಹೆಜ್ಜೆ ಮುಂದೆ. ಭಜನೆಯಲ್ಲಿ ಒಬ್ಬ ತಾಳ ತಪ್ಪಿದರೆ ಎಲ್ಲರೂ ನಿಲ್ಲುವ ಹಾಗೆ, ನಾಲ್ವರಲ್ಲಿ ಒಬ್ಬನ ತಂತಿ ನಿಧಾನವಾದರೂ ನಾಲ್ವರ ಆಟವೂ ನಿಧಾನ. ಇನ್ನೊಂದು ಎಡವಟ್ಟೆಂದರೆ, ಮೊದಲ ಆವೃತ್ತಿ ಈ ಸುದ್ದಿಯನ್ನು ಆಡುವವರಿಗೆ ಮಾತ್ರ ಕಳಿಸದೆ ಆ ಜಾಲದಲ್ಲಿದ್ದ ಸಕಲ ಕಂಪ್ಯೂಟರುಗಳಿಗೂ ಕೂಗಿ ಹೇಳುತ್ತಿತ್ತು. ರೈಲು ನಿಲ್ದಾಣದಲ್ಲಿ ಒಬ್ಬರನ್ನು ಕರೆಯಲು ಧ್ವನಿವರ್ಧಕದಲ್ಲಿ ಹೆಸರು ಕೂಗಿದರೆ ಎಲ್ಲರೂ ಒಮ್ಮೆ ತಲೆ ಎತ್ತುತ್ತಾರಲ್ಲ, ಹಾಗೆ. ಅದೂ ಸೆಕೆಂಡಿಗೆ 35 ಸಲ! ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ, ಇಂಟೆಲ್ ಕಂಪನಿಯಂಥ ಕಡೆ ಜಾಲವೇ ಉಸಿರುಗಟ್ಟಿ ಡೂಮ್‌ಗೆ ನಿಷೇಧ ಹೇರಬೇಕಾಯಿತು. ಮುಂದಿನ ಆವೃತ್ತಿಯಲ್ಲಿ ಕೂಗುವುದನ್ನು ಬಿಟ್ಟು ವಿಳಾಸ ಬರೆದು ಕಳಿಸುವ ಪದ್ಧತಿ ಬಂತು.

ಆ ಕಾಲದ ದೋಷಪತ್ತೆ ಕಣ್ಣಿಗೆ ಕಾಣುವಂಥದ್ದು, ಕೈಗೆ ಸಿಗುವಂಥದ್ದು. ಕಚೇರಿಗಳಲ್ಲಿ ಟಿವಿ ಕೇಬಲಿನಂಥ ಒಂದೇ ಕರಿ ತಂತಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಾದುಹೋಗಿ, ಎರಡು ತುದಿಗೂ 50 ಓಮ್‌ನ ಪುಟ್ಟ ಟರ್ಮಿನೇಟರ್ ಸಿಕ್ಕಿಸಿರುತ್ತಿತ್ತು. ಕಸ ಗುಡಿಸುವಾಗ ಅದೊಂದು ಸಡಿಲವಾದರೆ ಇಡೀ ಜಾಲ ಸತ್ತಂತೆ. ಹುಡುಗರು ಮೇಜಿನ ಕೆಳಗೆ ತೂರಿ ಒಂದೊಂದೇ ಕೊಂಡಿ ತಿರುಗಿಸಿ ನೋಡುತ್ತಿದ್ದರು. ಮೋಡೆಮ್ ಮೂಲಕ ನೇರವಾಗಿ ಗೆಳೆಯನ ಮನೆಗೆ ಫೋನ್ ಹಚ್ಚಿ ಆಡುವವರಿಗೆ ಬೇರೆ ಕಷ್ಟ. ಮೋಡೆಮ್ಮಿನಲ್ಲಿ ತಪ್ಪು ತಿದ್ದುವ ಸೌಲಭ್ಯವೊಂದಿತ್ತು, ಒಳ್ಳೆಯದೇ. ಆದರೆ ತಿದ್ದುವುದಕ್ಕಾಗಿ ಅದು ಮಾಹಿತಿಯನ್ನು ತಡೆದಿಟ್ಟುಕೊಂಡು ಆಟ ಎಳೆದಾಡುತ್ತಿತ್ತು, ಹಾಗಾಗಿ ಅದನ್ನೇ ಆರಿಸಬೇಕು. ಮಧ್ಯೆ ಇನ್ನೊಬ್ಬರ ಕರೆ ಬಂದು 'ಕಾಲ್ ವೇಟಿಂಗ್' ಟೊಂಯ್ ಎಂದರೆ ಮುಗಿಯಿತು, ಆಟ ಅಲ್ಲಿಗೆ ಕಡಿಯಿತು.

ಡೂಮ್ ಮಾತಾಡುತ್ತಿದ್ದ ಭಾಷೆ ಐಪಿಎಕ್ಸ್, ಒಂದೇ ಕಟ್ಟಡದೊಳಗಿನ ಜಾಲದ ಭಾಷೆ. ಇಂಟರ್‌ನೆಟ್ಟಿಗೆ ಅದು ಅರ್ಥವಾಗದು. 1995ರಲ್ಲಿ 'ಕಾಲಿ' ಎಂಬ ತಂತ್ರಾಂಶ ಬಂದು ಐಪಿಎಕ್ಸ್ ಪತ್ರವನ್ನು ಇಂಟರ್‌ನೆಟ್ಟಿನ ಲಕೋಟೆಯೊಳಗಿಟ್ಟು ಕಳಿಸತೊಡಗಿತು. ದೂರದ ಊರಿನವರೂ ಒಂದೇ ಕೋಣೆಯಲ್ಲಿದ್ದಾರೆಂದು ಆಟ ನಂಬಿತು. ಈ ಲಕೋಟೆಯ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

1996ರ ಜೂನ್‌ನಲ್ಲಿ ಅದೇ ಕಂಪನಿಯ 'ಕ್ವೇಕ್' ಬಂತು. ಇಲ್ಲಿ ಒಬ್ಬ ಯಜಮಾನ, ಅಂದರೆ ಸರ್ವರ್. ಉಳಿದವರೆಲ್ಲ ಅವನ ಮನೆಗೆ ಬಂದ ಅತಿಥಿಗಳು. ನೀವು ಕೀಲಿ ಒತ್ತಿದರೆ ಆ ಕೋರಿಕೆ ಸರ್ವರಿಗೆ ಹೋಗಿ, ಒಪ್ಪಿಗೆ ವಾಪಸು ಬಂದ ಮೇಲೇ ನಿಮ್ಮ ಯೋಧ ಕದಲುವುದು. ಕಚೇರಿಯ ದುಬಾರಿ ಟಿ-1 ತಂತಿಯಲ್ಲಿ ಇದು ಬೆಣ್ಣೆಯಂತೆ ಸಾಗಿತು, ಮನೆಯ ಮೋಡೆಮ್ಮಿನಲ್ಲಿ ಮಂಜುಗಡ್ಡೆಯ ಮೇಲೆ ನಡೆದಂತಾಯಿತು. ಆಟ ಬರೆದ ಜಾನ್ ಕಾರ್ಮ್ಯಾಕ್, ತಾನು ವೇಗದ ತಂತಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆನೆಂದು ಬಹಿರಂಗವಾಗಿಯೇ ಒಪ್ಪಿಕೊಂಡು, ಅದೇ ಡಿಸೆಂಬರಿನಲ್ಲಿ 'ಕ್ವೇಕ್‌ವರ್ಲ್ಡ್' ಬಿಡುಗಡೆ ಮಾಡಿದ. ಅದರ ಉಪಾಯವಿಷ್ಟೆ: ಸರ್ವರಿನ ಉತ್ತರಕ್ಕೆ ಕಾಯಬೇಡ, ಏನಾಗಬಹುದೆಂದು ಊಹಿಸಿ ಹೆಜ್ಜೆ ಇಡು, ಉತ್ತರ ಬೇರೆ ಬಂದರೆ ತಿದ್ದಿಕೋ. ಇಂದಿನ ವೇಗದ ಆಟಗಳು ಬಹುಮಟ್ಟಿಗೆ ಇದೇ ದಾರಿಯಲ್ಲಿವೆ. ಗುಂಡು ತಗಲಿತೆಂದು ಕಂಡೂ ಎದುರಾಳಿ ಬೀಳದಿದ್ದರೆ, ನಿಮ್ಮ ಊಹೆಯನ್ನು ಸರ್ವರ್ ಒಪ್ಪಲಿಲ್ಲ ಎಂದೇ ಅರ್ಥ.

ವಿಳಂಬ ಅಳೆಯುವ ಮಾಪನ 'ಪಿಂಗ್' ಇದಕ್ಕಿಂತ ಹಳೆಯದು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದ ಮೈಕ್ ಮೂಸ್ ಒಂದು ಹಾಳಾದ ಜಾಲ ಸರಿಪಡಿಸಲು ಇದನ್ನು ಬರೆದ. ಜಲಾಂತರ್ಗಾಮಿಗಳ ಸೋನಾರ್ ಸದ್ದಿನ ನೆನಪಿಗೆ ಆ ಹೆಸರು. ಕೂಗಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತೆಂದು ನೋಡುವುದು. ಇದರಲ್ಲಿ ಪ್ರಕೃತಿಯದೂ ಒಂದು ಪಾಲಿದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮುಂಬೈನಿಂದ ಸಿಂಗಪುರ ನೇರ ಗೆರೆಯಲ್ಲಿ ಸುಮಾರು 3,900 ಕಿ.ಮೀ. ಹೋಗಿಬರಲು ಸುಮಾರು 39 ಮಿಲಿಸೆಕೆಂಡು ಬೇಕೇ ಬೇಕು. ಯಾವ ಕಂಪನಿಗೆ ಎಷ್ಟು ದುಡ್ಡು ಕೊಟ್ಟರೂ ಅದಕ್ಕಿಂತ ಕಡಿಮೆಯಾಗದು.

ಈಗ ನಮ್ಮ ದೇಶಕ್ಕೆ ಬರೋಣ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. 1998ರಲ್ಲಿ ಖಾಸಗಿಯವರೂ ಬಂದರು. ಆದರೆ ಒಂದು ಕಂಪನಿಯ ಗ್ರಾಹಕ ಅದೇ ಊರಿನ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕಳಿಸಿದ ಪತ್ರ ಎಷ್ಟೋ ಸಲ ಅಮೆರಿಕಕ್ಕೆ ಹೋಗಿ ತಿರುಗಿ ಬರುತ್ತಿತ್ತು! ದಾದರಿನಿಂದ ಮಾಟುಂಗಾಕ್ಕೆ ಹೋಗಲು ಕ್ಯಾಲಿಫೋರ್ನಿಯಾ ಸುತ್ತಿದ ಹಾಗೆ. ನಮ್ಮ ಕಂಪನಿಗಳು ದೇಶದೊಳಗೆ ಪರಸ್ಪರ ಕೈಕುಲುಕುವ ಜಾಗವೇ ಇರಲಿಲ್ಲ. 2003ರಲ್ಲಿ 'ನಿಕ್ಸಿ' ಎಂಬ ವಿನಿಮಯ ಕೇಂದ್ರ ಹುಟ್ಟಿ, ಮುಂಬೈ, ಚೆನ್ನೈ, ಕೋಲ್ಕತ್ತ, ದೆಹಲಿ ಪಕ್ಕದ ನೋಯ್ಡಾಗಳಲ್ಲಿ ಈ ಕೊಂಡಿ ಬಿತ್ತು. ಅಷ್ಟರವರೆಗೆ ನಮ್ಮ ಹುಡುಗರು ಒಟ್ಟಿಗೆ ಆಡಬೇಕೆಂದರೆ ಸೈಬರ್ ಕೆಫೆಗೇ ಹೋಗುತ್ತಿದ್ದರು. ಒಂದೇ ಕೋಣೆ, ಪಕ್ಕಪಕ್ಕದ ಕುರ್ಚಿ, ಕೌಂಟರ್-ಸ್ಟ್ರೈಕ್ ಅಥವಾ ಏಜ್ ಆಫ್ ಎಂಪೈರ್ಸ್. ಗಂಟೆ ಲೆಕ್ಕದಲ್ಲಿ ದುಡ್ಡು.

ಇನ್ನು ಈ ಕಥೆಯ ನಿಜವಾದ ತಿರುವು. ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ, ಅಂದರೆ ಐಪಿವಿ4ರಲ್ಲಿ, ಇರುವ ಸಂಖ್ಯೆಗಳು ಸುಮಾರು 430 ಕೋಟಿ ಮಾತ್ರ. ಸಾಲದೆಂದು 1990ರ ದಶಕದ ಆರಂಭದಲ್ಲೇ ಗೊತ್ತಾಗಿತ್ತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ಒಂದು ತಾತ್ಕಾಲಿಕ ಪರಿಹಾರ ಬರೆದರು, ಅದೇ 'ನ್ಯಾಟ್'. ಮನೆಗೊಂದೇ ಹೊರವಿಳಾಸ, ಒಳಗಿನ ಕಂಪ್ಯೂಟರುಗಳಿಗೆಲ್ಲ ಖಾಸಗಿ ವಿಳಾಸ. 192.168 ಎಂದು ಶುರುವಾಗುವ ಸಂಖ್ಯೆ ನೀವು ನೋಡಿರುತ್ತೀರಿ, ಅದೇ ಇದು. ದೊಡ್ಡ ವಸತಿ ಸಮುಚ್ಚಯದ ಗೇಟಿನಲ್ಲಿ ಕಾವಲುಗಾರ ನಿಂತಂತೆ. ಒಳಗಿನವರು ಹೊರಹೋಗುವಾಗ ಅವನು ಬರೆದಿಟ್ಟುಕೊಳ್ಳುತ್ತಾನೆ, ಅವರಿಗೆ ಬಂದ ಉತ್ತರವನ್ನು ಸರಿಯಾದ ಮನೆಗೆ ತಲುಪಿಸುತ್ತಾನೆ. ಆದರೆ ಕರೆಯದೆ ಬಂದ ಅತಿಥಿಯನ್ನು ಯಾವ ಮನೆಗೆ ಕಳಿಸಬೇಕೆಂದು ಅವನಿಗೆ ಗೊತ್ತಿಲ್ಲ, ವಾಪಸು ಕಳಿಸುತ್ತಾನೆ. ಸಿನಿಮಾ ನೋಡುವವನು ಹೊರಗೆ ಹೋಗಿ ಕೇಳುವವನು, ಅವನಿಗೆ ಅಡ್ಡಿಯಿಲ್ಲ. ಆಟ ಏರ್ಪಡಿಸಿದವನ ಮನೆಗೆ ಮಾತ್ರ ಅತಿಥಿಗಳು ತಾವಾಗಿ ಬರಬೇಕು! ನಮ್ಮ ಪುಣೆ ಹುಡುಗನ ಸಂಕಟ ಹುಟ್ಟಿದ್ದು ಇಲ್ಲಿ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್‌ಗಳ ಬ್ರಾಡ್‌ಬ್ಯಾಂಡ್ ಬಂದಾಗ ಈ ಕಾವಲುಗಾರ ನಮ್ಮ ಮನೆಗೂ ಬಂದ. ಸ್ವಾರಸ್ಯವೆಂದರೆ, ಮೋಡೆಮ್ಮನ್ನು 'ಬ್ರಿಜ್' ರೀತಿಯಲ್ಲಿ ಇಟ್ಟು ಕಂಪ್ಯೂಟರಿನಿಂದಲೇ ಡಯಲ್ ಮಾಡುವವರಿಗೆ ಹೊರವಿಳಾಸ ನೇರವಾಗಿ ಸಿಕ್ಕಿ ಆಟ ನಡೆಯುತ್ತಿತ್ತು. ಮನೆಗೆ ಎರಡನೆಯ ಕಂಪ್ಯೂಟರ್ ಬಂತು, ಮೋಡೆಮ್ಮನ್ನೇ ರೌಟರ್ ಮಾಡಿದರು, ಅವತ್ತಿಂದ ಆಟ ಬಂದ್. 'ಏನೂ ಮುಟ್ಟಿಲ್ಲ, ತಾನಾಗಿ ಕೆಟ್ಟಿತು' ಎನ್ನುವ ದೂರಿನ ಮೂಲ ಎಷ್ಟೋ ಮನೆಗಳಲ್ಲಿ ಇದೇ. ಜೊತೆಗೆ, 2004ರ ಆಗಸ್ಟಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕ್ ಫೈರ್‌ವಾಲನ್ನು ತಾನಾಗಿಯೇ ಹಾಕಿಬಿಡುತ್ತಿತ್ತು. ಗೇಟಿನಲ್ಲೊಬ್ಬ ಕಾವಲುಗಾರ, ಮನೆ ಬಾಗಿಲಲ್ಲಿ ಇನ್ನೊಬ್ಬ. ವೈರಸ್ ಹಾವಳಿಯ ಆ ದಿನಗಳಲ್ಲಿ ಅದು ಬೇಕಾಗಿಯೂ ಇತ್ತು, ಬೈಯುವಂತಿಲ್ಲ.

ಗೇಟಿನವನಿಗೆ ಮೊದಲೇ ಚೀಟಿ ಕೊಟ್ಟಿಡುವುದೇ 'ಪೋರ್ಟ್ ಫಾರ್ವರ್ಡಿಂಗ್'. ಇಂಥ ಸಂಖ್ಯೆಯ ಕಿಂಡಿಗೆ ಬಂದವರನ್ನು ಇಂಥ ಕಂಪ್ಯೂಟರಿಗೆ ಕಳಿಸು ಎಂದು ರೌಟರಿನಲ್ಲಿ ಬರೆಯುವುದು. ಕ್ವೇಕ್‌ಗೆ 26000, ಕೌಂಟರ್-ಸ್ಟ್ರೈಕ್‌ಗೆ 27015, ಮೈನ್‌ಕ್ರಾಫ್ಟ್‌ಗೆ 25565. 1999ರ ಏಜ್ ಆಫ್ ಎಂಪೈರ್ಸ್ ಎರಡನೆಯ ಭಾಗ ಎಲ್ಲಕ್ಕಿಂತ ತಂಟೆಯದು. 47624ರ ಕಿಂಡಿ ತಟ್ಟಿದರೆ ಯಜಮಾನನ ಕಂಪ್ಯೂಟರ್ ತಿರುಗಿ ಅತಿಥಿಯ ಮನೆಗೇ 2300ರಿಂದ 2400ರ ನಡುವೆ ಯಾವುದಾದರೂ ಕಿಂಡಿಗೆ ಬರುತ್ತಿತ್ತು. ಹಾಗಾಗಿ ಎರಡೂ ಮನೆಯಲ್ಲಿ ಚೀಟಿ ಬೇಕು. ಒಂದೇ ಕಡೆ ಸರಿಮಾಡಿ ತಲೆ ಕೆರೆದುಕೊಂಡವರು ಲೆಕ್ಕವಿಲ್ಲ. ಅಷ್ಟರಲ್ಲಿ 2004ರಲ್ಲಿ 'ಹಮಾಚಿ' ಬಂತು. ಆಗಲೇ ಹೇಳಿದೆನಲ್ಲ, ಆ ಲಕೋಟೆಯ ಉಪಾಯವೇ ಹೊಸ ಬಟ್ಟೆ ತೊಟ್ಟು ಬಂದಿತ್ತು.

ಚೀಟಿ ಬರೆದರೂ ಸಾಲದ ಕಾಲ ಮುಂದೆ ಬಂತು. 2011ರ ಫೆಬ್ರುವರಿ 3ರಂದು ಜಾಗತಿಕ ಉಗ್ರಾಣದಲ್ಲಿದ್ದ ಕೊನೆಯ ವಿಳಾಸಗಳ ಹಂಚಿಕೆ ಮುಗಿಯಿತು. ಏಪ್ರಿಲ್ 15ಕ್ಕೆ ನಮ್ಮ ಏಷ್ಯಾ-ಪೆಸಿಫಿಕ್ ವಲಯ ಕೊನೆಯ ಮೂಟೆಗೆ ಕೈ ಹಾಕಿ ಪಡಿತರ ಶುರುಮಾಡಿತು. ಕಂಪನಿಗಳು ಬಹಳಷ್ಟು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸತೊಡಗಿದವು. ಅದಕ್ಕೆಂದೇ 2012ರ ಏಪ್ರಿಲ್‌ನಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಎತ್ತಿಟ್ಟರು. ಅಂದರೆ ನಿಮ್ಮ ಗೇಟಿನಾಚೆ ಇಡೀ ಬಡಾವಣೆಗೆ ಇನ್ನೊಂದು ಗೇಟು. ಅಲ್ಲಿನ ಕಾವಲುಗಾರ ಕಂಪನಿಯ ನೌಕರ, ನಿಮ್ಮ ಚೀಟಿ ಅವನಿಗೆ ತಲುಪುವುದೇ ಇಲ್ಲ.

ನನ್ನ ತಕರಾರು ಇರುವುದು ಇಲ್ಲಿಯೇ. ನಾವು ಬಾನುಲಿಯವರು, ಒಂದು ಕಡೆಯಿಂದ ಮಾತು, ಸಾವಿರ ಕಡೆ ಕಿವಿ. ಅದು ನಮ್ಮ ಮಾಧ್ಯಮದ ಗುಣ. ಆದರೆ ಇಂಟರ್‌ನೆಟ್ ಹುಟ್ಟಿದ್ದು ಹಾಗಲ್ಲ, ಅಲ್ಲಿ ಪ್ರತಿ ಕಂಪ್ಯೂಟರೂ ಕೇಳಬಹುದು, ಹೇಳಲೂಬಹುದು. ತಾತ್ಕಾಲಿಕವೆಂದು ತಂದ ಪರಿಹಾರ ಖಾಯಂ ಆಗಿ, ಮನೆಯ ಕಂಪ್ಯೂಟರು ಕೇಳುವುದಕ್ಕಷ್ಟೇ ಉಳಿಯಿತು. ಆಡಬೇಕೆಂದರೆ ಕಂಪನಿಯ ಸರ್ವರಿಗೇ ಹೋಗಿ ಎಂದಾಯಿತು. ಅದು ಅನುಕೂಲ, ಒಪ್ಪುತ್ತೇನೆ. ಆದರೆ 2014ರ ಮೇ 31ಕ್ಕೆ 'ಗೇಮ್‌ಸ್ಪೈ' ಸೇವೆ ಬಾಗಿಲು ಹಾಕಿದಾಗ ಅದನ್ನೇ ನೆಚ್ಚಿದ್ದ ಎಷ್ಟೋ ಆಟಗಳ ಆನ್‌ಲೈನ್ ಅಂಗಳ ಬರಿದಾಯಿತು. ದುಡ್ಡು ಕೊಟ್ಟು ತಂದ ಡಿಸ್ಕ್ ಕೈಯಲ್ಲೇ ಇತ್ತು. ಸ್ವಂತ ಮನೆಯಲ್ಲಿ ಆಟ ಏರ್ಪಡಿಸಲು ಬಂದವರು ಮಾತ್ರ ಹೇಗೋ ಮುಂದುವರಿಸಿದರು.

ಹಾಗಾದರೆ ಪುಣೆ ಹುಡುಗ ಏನು ಮಾಡಬೇಕು? ಒಳಗಿನಿಂದ ಹೊರಕ್ಕೆ ಹುಡುಕುತ್ತ ಹೋಗಬೇಕು. ಮೊದಲು ಅದೇ ಮನೆಯ ಇನ್ನೊಂದು ಕಂಪ್ಯೂಟರಿನಿಂದ ಸೇರಿ ನೋಡಲಿ. ಆಗದಿದ್ದರೆ ತಪ್ಪು ಆಟದ್ದು ಅಥವಾ ಫೈರ್‌ವಾಲಿನದು. ಆದರೆ, ರೌಟರಿನ ಪುಟ ತೆರೆದು ಅಲ್ಲಿ ಕಾಣುವ ಹೊರವಿಳಾಸವನ್ನೂ, ಇಂಟರ್‌ನೆಟ್ಟಿನ ಯಾವುದಾದರೂ ತಾಣ ತೋರಿಸುವ ನಮ್ಮ ವಿಳಾಸವನ್ನೂ ಹೋಲಿಸಲಿ. ಎರಡೂ ಒಂದೇ ಇದ್ದರೆ ಪೋರ್ಟ್ ಫಾರ್ವರ್ಡಿಂಗ್ ಸಾಕು. ಟಿಸಿಪಿಯೋ ಯುಡಿಪಿಯೋ ಎಂಬುದನ್ನು ಸರಿಯಾಗಿ ಆರಿಸಬೇಕು, ಅರ್ಧ ಗೋಳು ಅಲ್ಲೇ ಇರುತ್ತದೆ. ಕಂಪ್ಯೂಟರಿನ ಒಳವಿಳಾಸ ದಿನಕ್ಕೊಂದು ಆಗದಂತೆ ಕಟ್ಟಿಹಾಕಬೇಕು. ಹೊರವಿಳಾಸವೂ ಆಗಾಗ ಬದಲಾಗುವುದರಿಂದ ಧಾರವಾಡದವನ ಹತ್ತಿರ ಹೋದ ವಾರದ ಸಂಖ್ಯೆ ಇಲ್ಲ ತಾನೇ ಎಂದು ಕೇಳಬೇಕು. ಪರೀಕ್ಷೆಯನ್ನು ಮನೆಯ ವೈ-ಫೈಯಿಂದ ಮಾಡಬಾರದು, ಕೆಲವು ರೌಟರುಗಳು ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಹೋಗಲು ಬಿಡುವುದಿಲ್ಲ. ಅಪ್ಪನ ಮೊಬೈಲಿನ ಡೇಟಾ ಹಂಚಿಕೊಂಡು ಇನ್ನೊಂದು ಕಂಪ್ಯೂಟರಿನಿಂದ ನೋಡಲಿ. ಪಿಂಗ್‌ಗೆ ಉತ್ತರ ಬಂತೆಂದು ಹಿಗ್ಗುವುದೂ ಬೇಡ, ಬರಲಿಲ್ಲವೆಂದು ಕುಗ್ಗುವುದೂ ಬೇಡ, ಅದು ಕಿಂಡಿ ತೆರೆದಿದೆಯೇ ಎಂದು ಹೇಳುವುದಿಲ್ಲ.

ಎರಡು ವಿಳಾಸ ಬೇರೆ ಬೇರೆ ಇದ್ದು, ರೌಟರಿನಲ್ಲಿರುವುದು 100.64ರಿಂದ 100.127ರೊಳಗೋ, 10ರಿಂದ ಶುರುವಾಗುವುದೋ ಆಗಿದ್ದರೆ ರೌಟರಿನೊಡನೆ ಗುದ್ದಾಡುವುದನ್ನು ಅಲ್ಲಿಗೇ ಬಿಡಿ. ಕಂಪನಿಗೆ ಫೋನ್ ಮಾಡಿ 'ಪಬ್ಲಿಕ್ ಐಪಿ ಕೊಡುತ್ತೀರಾ, ತಿಂಗಳಿಗೆ ಎಷ್ಟು?' ಎಂದು ನೇರವಾಗಿ ಕೇಳಿ. 'ನೆಟ್ ಬರುತ್ತಿದೆಯಲ್ಲ' ಎನ್ನುವ ಉತ್ತರಕ್ಕೆ ಸಮಾಧಾನಪಡಬೇಡಿ. ಇಲ್ಲವೆಂದರೆ ಎರಡೂ ಮನೆಯಲ್ಲಿ ಐಪಿವಿ6 ಇದೆಯೇ, ಆಟ ಅದನ್ನು ಒಪ್ಪುತ್ತದೆಯೇ ನೋಡಿ. 1995ರಲ್ಲೇ ಬರೆದಿಟ್ಟ ಆ ಹೊಸ ಪದ್ಧತಿಯಲ್ಲಿ ವಿಳಾಸಗಳಿಗೆ ಬರವಿಲ್ಲ, ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ 2016ರ ನಂತರ ಅದು ವ್ಯಾಪಕವಾಗಿ ಬಂದಿದೆ. ಅದರಲ್ಲಿಯೂ ಫೈರ್‌ವಾಲಿಗೆ ಚೀಟಿ ಕೊಡಬೇಕು, ಅದೊಂದು ತಪ್ಪದು. ಅದೂ ಆಗದಿದ್ದರೆ ಲಕೋಟೆಯ ಉಪಾಯ ಇದ್ದೇ ಇದೆ. ಇಲ್ಲವೇ ಧಾರವಾಡದವನೇ ಆಟ ತೆರೆದು ಕೂರಲಿ, ಅವನ ಕಂಪನಿಯ ಗೇಟು ಸಡಿಲವಿದ್ದರೂ ಇರಬಹುದು.