ನಾಲಿಗೆ ದಾಟಿದ ಮೇಲೆ: ಪಿಷ್ಟದ ಪ್ರತಿಫಲ ಮತ್ತು ಕ್ಯಾಲರಿ ವಾದದ ಮಿತಿ

ಸಿಹಿಯನ್ನೇ ಗುರುತಿಸಲಾರದ ಇಲಿ ಸಕ್ಕರೆಯನ್ನು ಬಯಸಬಲ್ಲದೇ? ಬಯಸಬಲ್ಲದು ಎಂದು ಐವಾನ್ ಡಿ ಅರೌಜೊ ಮತ್ತು ಸಂಗಡಿಗರು 2008ರಲ್ಲಿ 'ನ್ಯೂರಾನ್' ಪತ್ರಿಕೆಯಲ್ಲಿ ತೋರಿಸಿದರು. ಸಿಹಿಯ ಸಂಕೇತ ಸಾಗಲು ಬೇಕಾದ ಟಿಆರ್‌ಪಿಎಂ5 ವಂಶವಾಹಿ ಇಲ್ಲದ ಇಲಿಗಳು ಮೊದಮೊದಲು ನೀರಿಗೂ ಸಕ್ಕರೆ ನೀರಿಗೂ ಭೇದ ಮಾಡಲಿಲ್ಲ. ಎರಡನ್ನೂ ಕುಡಿದು ಅನುಭವವಾದ ಮೇಲೆ ಸಕ್ಕರೆ ನೀರು ಸಿಗುತ್ತಿದ್ದ ಕಡೆಗೇ ಹೆಚ್ಚು ಹೋಗತೊಡಗಿದವು. ಆಗ ಅವುಗಳ ಮಿದುಳಿನ ಪ್ರತಿಫಲ ಕೇಂದ್ರದಲ್ಲಿ ಡೋಪಮೈನ್ ಕೂಡ ಏರಿತು. ಕ್ಯಾಲರಿಯಿಲ್ಲದ ಸುಕ್ರಲೋಸ್‌ನಿಂದ ಈ ಬದಲಾವಣೆ ಆಗಲಿಲ್ಲ. ಹಾಗಾಗಿ ಮಿದುಳು ಸಿಹಿಯಿಂದ ಸ್ವತಂತ್ರವಾಗಿ ಕ್ಯಾಲರಿಯನ್ನು ಗುರುತಿಸಿ ಅದಕ್ಕೆ ಬೆಲೆ ಕಟ್ಟುತ್ತದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಆ ತೀರ್ಮಾನದ ಮೊದಲರ್ಧ ಇಂದಿಗೂ ಗಟ್ಟಿಯಾಗಿ ನಿಂತಿದೆ. ಎರಡನೆಯ ಅರ್ಧವನ್ನು, ಅಂದರೆ ಬೆಲೆ ಸಿಗುವುದು ಕ್ಯಾಲರಿಗೆ ಎಂಬುದನ್ನು, ತಿದ್ದಬೇಕಾದ ಸಾಕ್ಷ್ಯ ಈಗ ಸೇರಿದೆ ಎಂಬುದು ಈ ಲೇಖನದ ವಾದ. ಸಕ್ಕರೆ ಪಾನೀಯಗಳ ಪ್ರಯೋಗಗಳಿಂದ ಹುಟ್ಟಿದ ಈ ಚರ್ಚೆಯನ್ನು ಅನ್ನ, ರಾಗಿಯಂಥ ಪಿಷ್ಟಪ್ರಧಾನ ಊಟಕ್ಕೆ ಅನ್ವಯಿಸುವಾಗ ಈ ತಿದ್ದುಪಡಿಗೆ ಇನ್ನೂ ಹೆಚ್ಚಿನ ಮಹತ್ವ ಬರುತ್ತದೆ.

ಒಮ್ಮತವಿರುವ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್, ಇಲಿಗಳು ಮಿದುಳಿನ ಕೆಲವು ಭಾಗಗಳಿಗೆ ವಿದ್ಯುತ್ ಪ್ರಚೋದನೆ ಪಡೆಯಲು ಮತ್ತೆ ಮತ್ತೆ ಸನ್ನೆ ಒತ್ತುವುದನ್ನು ಕಂಡು ಪ್ರತಿಫಲದ ನರವಿಜ್ಞಾನಕ್ಕೆ ದಾರಿ ತೆರೆದರು. ಸಿಹಿಯನ್ನು ಗುರುತಿಸುವ ಟಿ1ಆರ್2–ಟಿ1ಆರ್3 ಗ್ರಾಹಿ 2001ರಲ್ಲಿ ಪತ್ತೆಯಾಯಿತು. ಅದಕ್ಕೂ ಮುಂಚೆ, 1988ರಲ್ಲೇ, ಬ್ರೂಕ್ಲಿನ್ ಕಾಲೇಜಿನ ಆಂಥನಿ ಸ್ಕ್ಲಫಾನಿ ಮತ್ತು ನಿಸೆನ್‌ಬಾಮ್ ಒಂದು ನಿರ್ಣಾಯಕ ಪ್ರಯೋಗ ಮಾಡಿದ್ದರು. ಒಂದು ಪರಿಮಳದ ನೀರನ್ನು ಇಲಿ ಕುಡಿದಾಗ ಅದರ ಹೊಟ್ಟೆಗೆ ನೇರವಾಗಿ ಪಿಷ್ಟದ ದ್ರಾವಣ ಹೋಗುತ್ತಿತ್ತು, ಇನ್ನೊಂದು ಪರಿಮಳದ ನೀರು ಕುಡಿದಾಗ ಬರಿಯ ನೀರು. ಕೆಲವೇ ದಿನಗಳಲ್ಲಿ ಇಲಿಗಳು ಪಿಷ್ಟದೊಂದಿಗೆ ಬೆಸೆದ ಪರಿಮಳವನ್ನು ಬಲವಾಗಿ ಮೆಚ್ಚತೊಡಗಿದವು. ಪಿಷ್ಟ ಬಾಯಿಯನ್ನು ಮುಟ್ಟಿಯೇ ಇರಲಿಲ್ಲ. ಮೆಚ್ಚುಗೆ ಅಂಟಿಕೊಂಡದ್ದು ಬಾಯಿಗೆ ತಾಗಿದ ಪರಿಮಳಕ್ಕೆ. ಈ ಅಂಶಕ್ಕೆ ಮುಂದೆ ಮರಳಬೇಕಾಗುತ್ತದೆ.

ವಿವಾದ ಶುರುವಾಗುವುದು ಇಲ್ಲಿಂದ. ಹೊಟ್ಟೆಯೊಳಗೆ ಹೋದ ಪಿಷ್ಟ ಮಿದುಳಿಗೆ ಸುದ್ದಿ ಮುಟ್ಟಿಸುವುದು ಎಲ್ಲಿಂದ: ಗ್ಲೂಕೋಸ್ ಉರಿದು ಶಕ್ತಿಯಾಗುವಾಗಲೋ, ಅದಕ್ಕೂ ಮುನ್ನ ಕರುಳಿನ ಗೋಡೆಯನ್ನು ಮುಟ್ಟಿದ ಕ್ಷಣದಲ್ಲೋ?

ಹ್ವೆ-ಈ ಟಾನ್, ಚಾರ್ಲ್ಸ್ ಜೂಕರ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಗಡಿಗರು 2020ರಲ್ಲಿ 'ನೇಚರ್'ನಲ್ಲಿ ಪ್ರಕಟಿಸಿದ ಅಧ್ಯಯನ ಎರಡನೆಯದರ ಪರವಾಗಿ ನಿಲ್ಲುತ್ತದೆ. ಇಲಿಗಳಿಗೆ ಗ್ಲೂಕೋಸ್ ನೀರು ಮತ್ತು ಅಸೆಸಲ್ಫೇಮ್ ಎಂಬ ಕೃತಕ ಸಿಹಿಯ ನೀರು ಒಟ್ಟಿಗೆ ಇಟ್ಟಾಗ ಆರಂಭದಲ್ಲಿ ಎರಡನ್ನೂ ಕುಡಿದವು. ಎರಡು ದಿನದೊಳಗೆ ಬಹುಪಾಲು ಗ್ಲೂಕೋಸ್‌ನ ಕಡೆ ತಿರುಗಿದವು. ಕರುಳಿನಿಂದ ವೇಗಸ್ ನರದ ಮೂಲಕ ಮಿದುಳ ಕಾಂಡಕ್ಕೆ ಬರುವ ಸಂಕೇತವೇ ಇದಕ್ಕೆ ಕಾರಣ. ಅಲ್ಲಿನ ನರಕೋಶಗಳ ಬಾಯಿ ಕಟ್ಟಿದಾಗ ಈ ಒಲವು ಬೆಳೆಯಲೇ ಇಲ್ಲ. ಕರುಳಿನಲ್ಲಿ ಗ್ಲೂಕೋಸನ್ನು ಹಿಡಿಯುವುದು ಎಸ್‌ಜಿಎಲ್‌ಟಿ1 ಎಂಬ ಸಾಗಣೆ ಪ್ರೋಟೀನು. ಸೋಡಿಯಂ ಜೊತೆಗೂಡಿ ಗ್ಲೂಕೋಸ್ ಒಳಬರುತ್ತದೆಂದು ರಾಬರ್ಟ್ ಕ್ರೇನ್ 1960ರಲ್ಲಿ ಪ್ರತಿಪಾದಿಸಿದ್ದು ಇದೇ ಮಾರ್ಗವನ್ನು. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಕಾಲರಾ ರೋಗಿಗಳಿಗೆ ಕುಡಿಸಿದ ಉಪ್ಪು-ಗ್ಲೂಕೋಸ್ ದ್ರಾವಣ ಕೆಲಸ ಮಾಡಿದ್ದೂ ಇದರಿಂದಲೇ.

ಈ ಅಧ್ಯಯನದ ಎರಡು ಫಲಿತಾಂಶಗಳು ಕ್ಯಾಲರಿ ವಾದಕ್ಕೆ ನೇರ ಸವಾಲು. ಎಂಡಿಜಿ ಎಂಬ ಗ್ಲೂಕೋಸ್ ತದ್ರೂಪಿಯನ್ನು ಎಸ್‌ಜಿಎಲ್‌ಟಿ1 ಹಿಡಿದುಕೊಳ್ಳುತ್ತದೆ, ಆದರೆ ದೇಹ ಅದನ್ನು ಉರಿಸಲಾರದು. ಅದರಿಂದ ಸಿಗುವ ಕ್ಯಾಲರಿ ಸೊನ್ನೆ. ಆದರೂ ಇಲಿಗಳು ಅದರತ್ತ ಒಲವು ಬೆಳೆಸಿಕೊಂಡವು. ಇನ್ನೊಂದೆಡೆ ಫ್ರಕ್ಟೋಸ್‌ನಲ್ಲಿ ಗ್ಲೂಕೋಸ್‌ನಷ್ಟೇ ಕ್ಯಾಲರಿಯಿದೆ, ಆದರೆ ಎಸ್‌ಜಿಎಲ್‌ಟಿ1 ಅದನ್ನು ಹಿಡಿಯುವುದಿಲ್ಲ. ಈ ನರಮಾರ್ಗ ಅದಕ್ಕೆ ಮಿಡಿಯಲಿಲ್ಲ. ಕ್ಯಾಲರಿಯಿಲ್ಲದೆ ಒಲವು, ಕ್ಯಾಲರಿಯಿದ್ದೂ ಮೌನ. ಎರಡನ್ನೂ ಒಟ್ಟಿಗೆ ಓದಿದರೆ, ಕ್ಯಾಲರಿ ಈ ಕಲಿಕೆಗೆ ಅಗತ್ಯವೂ ಅಲ್ಲ, ಸಾಕಾಗುವುದೂ ಇಲ್ಲ.

ಎದುರುವಾದವೂ ಬಲವಾಗಿದೆ, ಅದನ್ನು ಬದಿಗೆ ಸರಿಸುವುದು ನ್ಯಾಯವಲ್ಲ. ಡಿ ಅರೌಜೊ ಅವರ ಗುಂಪೇ 2013ರಲ್ಲಿ, ಗ್ಲೂಕೋಸ್ ಬಳಕೆಯನ್ನು ರಾಸಾಯನಿಕವಾಗಿ ತಡೆದಾಗ ಡೋಪಮೈನ್ ಬಿಡುಗಡೆ ಕುಸಿಯುವುದನ್ನು ತೋರಿಸಿತು. ಮನುಷ್ಯರಲ್ಲಿ ಮರಿಯಾ ವೆಲ್ಡ್‌ಹುಯಿಜನ್, ಡೇನಾ ಸ್ಮಾಲ್ ಮತ್ತು ಸಂಗಡಿಗರು 2017ರಲ್ಲಿ ನಡೆಸಿದ ಪ್ರಯೋಗ ಇನ್ನೂ ಸೂಕ್ಷ್ಮ. ಪಾನೀಯಗಳ ಸಿಹಿಯನ್ನು 75 ಕಿಲೋಕ್ಯಾಲರಿಯ ಸಕ್ಕರೆಗೆ ಸರಿಹೊಂದುವಷ್ಟೇ ಇಟ್ಟು, ರುಚಿಯಿಲ್ಲದ ಮಾಲ್ಟೋಡೆಕ್ಸ್‌ಟ್ರಿನ್‌ನಿಂದ ಕ್ಯಾಲರಿಯನ್ನು ಮಾತ್ರ ಏರಿಳಿಸಿದರು. ಮಾಲ್ಟೋಡೆಕ್ಸ್‌ಟ್ರಿನ್ ಪಿಷ್ಟದಿಂದಲೇ ತಯಾರಾಗುವ, ಕರುಳಿನಲ್ಲಿ ಗ್ಲೂಕೋಸ್ ಆಗುವ ವಸ್ತು. ಗ್ಲೂಕೋಸ್ ಹೆಚ್ಚಿದಷ್ಟೂ ಪ್ರತಿಫಲ ಹೆಚ್ಚಬೇಕಿತ್ತು. ಹಾಗಾಗಲಿಲ್ಲ. ಸಿಹಿಗೂ ಕ್ಯಾಲರಿಗೂ ಹೊಂದಿಕೆಯಿದ್ದ ಪಾನೀಯ, ಅದಕ್ಕಿಂತ ಹೆಚ್ಚು ಕ್ಯಾಲರಿಯಿದ್ದರೂ ಹೊಂದಿಕೆಯಿಲ್ಲದ ಪಾನೀಯಕ್ಕಿಂತ ಬಲವಾದ ಚಯಾಪಚಯ ಪ್ರತಿಕ್ರಿಯೆಯನ್ನೂ ಮಿದುಳಿನ ಪ್ರತಿಕ್ರಿಯೆಯನ್ನೂ ಉಂಟುಮಾಡಿತು.

ಇದನ್ನು ಎಸ್‌ಜಿಎಲ್‌ಟಿ1 ವಾದದೊಂದಿಗೆ ಹೊಂದಿಸಲು ಸಾಧ್ಯವೇ? ಎರಡು ಹಂತಗಳನ್ನು ಬೇರ್ಪಡಿಸಿದರೆ ಸಾಧ್ಯ. ಡ್ಯೂಕ್ ವಿಶ್ವವಿದ್ಯಾಲಯದ ಡಿಯೆಗೊ ಬೊಹೋರ್ಕೆಜ್ ಅವರ ಗುಂಪು 2018ರಲ್ಲಿ, ಕರುಳಿನ ಕೆಲವು ಸಂವೇದಿ ಜೀವಕೋಶಗಳು ವೇಗಸ್ ನರದೊಂದಿಗೆ ನೇರ ಕೊಂಡಿ ಬೆಸೆದು ಸಕ್ಕರೆಯ ಸುದ್ದಿಯನ್ನು ಮಿಲಿಸೆಕೆಂಡುಗಳಲ್ಲಿ ದಾಟಿಸುತ್ತವೆಂದು ತೋರಿಸಿತು. ಚಯಾಪಚಯ ಅಷ್ಟು ಬೇಗ ನಡೆಯುವುದಿಲ್ಲ. ಆದ್ದರಿಂದ ಕರುಳಿನ ಸಂಕೇತ ಕಲಿಕೆಯನ್ನು ಆರಂಭಿಸುತ್ತದೆ, ನಿಧಾನವಾಗಿ ಬರುವ ಚಯಾಪಚಯದ ಸಂಕೇತ ಅದನ್ನು ಬಲಪಡಿಸುತ್ತದೆ ಇಲ್ಲವೇ ಕುಗ್ಗಿಸುತ್ತದೆ ಎಂದು ಓದುವುದು ಲಭ್ಯ ಸಾಕ್ಷ್ಯಕ್ಕೆ ಹೆಚ್ಚು ಹೊಂದುತ್ತದೆ. ಹೀಗೆ ಓದಿದರೆ ಡಿ ಅರೌಜೊ ಅವರ 2008ರ ಇಲಿಗಳು ಕಂಡುಕೊಂಡದ್ದು ಕ್ಯಾಲರಿಯನ್ನಲ್ಲ, ಗ್ಲೂಕೋಸ್‌ನ ಆಗಮನವನ್ನು. ಆ ಪ್ರಯೋಗದ ಸುಕ್ರೋಸ್‌ನಲ್ಲಿ ಗ್ಲೂಕೋಸ್ ಮತ್ತು ಕ್ಯಾಲರಿ ಒಟ್ಟಿಗೇ ಇದ್ದುದರಿಂದ ಅವನ್ನು ಬೇರ್ಪಡಿಸುವುದು ಅದರಲ್ಲಿ ಸಾಧ್ಯವಿರಲಿಲ್ಲ.

ಮನುಷ್ಯರಲ್ಲಿ ಕ್ಯಾಲರಿಯನ್ನೂ ಸಂವೇದನೆಯನ್ನೂ ಬಿಡಿಸಿ ತೋರಿಸುವ ಅಚ್ಚುಕಟ್ಟಾದ ಉದಾಹರಣೆ ಕ್ರೀಡಾ ವಿಜ್ಞಾನದಿಂದ ಬಂದಿದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜೇಮ್ಸ್ ಕಾರ್ಟರ್, ಆಸ್ಕರ್ ಯೂಕನ್‌ಡ್ರಪ್ ಮತ್ತು ಡೇವಿಡ್ ಜೋನ್ಸ್ 2004ರಲ್ಲಿ ಸುಮಾರು ಒಂದು ಗಂಟೆಯ ಸೈಕಲ್ ಪರೀಕ್ಷೆಗಳನ್ನು ನಡೆಸಿದರು. ರಕ್ತನಾಳಕ್ಕೆ ನೇರವಾಗಿ ಗ್ಲೂಕೋಸ್ ಕೊಟ್ಟಾಗ ಸವಾರರ ಸಾಧನೆ ಸುಧಾರಿಸಲಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ ದ್ರಾವಣವನ್ನು ಬಾಯಿ ಮುಕ್ಕಳಿಸಿ ಉಗುಳಿದಾಗ ಸುಮಾರು 2.9 ಶೇಕಡದಷ್ಟು ಸುಧಾರಿಸಿತು. 2009ರಲ್ಲಿ ಇದೇ ವಿಶ್ವವಿದ್ಯಾಲಯದ ಚೇಂಬರ್ಸ್, ಬ್ರಿಜ್ ಮತ್ತು ಜೋನ್ಸ್ ಮಿದುಳಿನ ಚಿತ್ರಣದಿಂದ, ಗ್ಲೂಕೋಸ್ ಮತ್ತು ಮಾಲ್ಟೋಡೆಕ್ಸ್‌ಟ್ರಿನ್ ಬಾಯಲ್ಲಿದ್ದಾಗ ಪ್ರತಿಫಲಕ್ಕೆ ಸಂಬಂಧಿಸಿದ ಭಾಗಗಳು ಮಿಡಿಯುವುದನ್ನೂ ಸ್ಯಾಕರಿನ್‌ಗೆ ಹಾಗಾಗದಿರುವುದನ್ನೂ ತೋರಿಸಿದರು. ಸೈಕಲ್ ಪರೀಕ್ಷೆಗಳಲ್ಲಿ ಅಳೆದದ್ದು ಸವಾರಿಯ ಸಾಮರ್ಥ್ಯವನ್ನು, ಆಹಾರದ ಮೆಚ್ಚುಗೆಯನ್ನಲ್ಲ ಎಂಬ ಎಚ್ಚರ ಬೇಕು. ಹೊಟ್ಟೆ ತುಂಬಿದಾಗ ಈ ಪರಿಣಾಮ ಕುಗ್ಗುತ್ತದೆಂದೂ ನಂತರದ ಅಧ್ಯಯನಗಳು ಸೂಚಿಸಿವೆ.

ಹಾಗಾದರೆ ಬಾಯಿಯೇ ಮುಖ್ಯವೆನ್ನಬೇಕೇ? ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಜುಯುನ್ ಲಿಮ್ ಮತ್ತು ಸಂಗಡಿಗರು 2016ರಲ್ಲಿ ಇದಕ್ಕೆ ಒಂದು ಷರತ್ತು ಸೇರಿಸಿದರು. ಸಿಹಿ ಗ್ರಾಹಿಯನ್ನು ತಡೆದ ಮೇಲೂ ಜನ ಗ್ಲೂಕೋಸ್‌ನ ಚಿಕ್ಕ ಸರಪಳಿಗಳ ರುಚಿಯನ್ನು ಗುರುತಿಸಿದರು. ಉದ್ದ ಸರಪಳಿಗಳನ್ನು ಗುರುತಿಸಲಾಗಲಿಲ್ಲ. ಅಂದರೆ ಅನ್ನವನ್ನೋ ರೊಟ್ಟಿಯನ್ನೋ ನಾಲಿಗೆ ಪಿಷ್ಟವೆಂದು ಗುರುತಿಸಬೇಕಾದರೆ ಮೊದಲು ಜೊಲ್ಲಿನ ಅಮೈಲೇಸ್ ಅದನ್ನು ತುಂಡರಿಸಬೇಕು. ಅದಕ್ಕೆ ಅಗಿಯುವಷ್ಟು ಹೊತ್ತು ಬೇಕು.

ಇಲ್ಲಿ ರಾಗಿ ಮುದ್ದೆಗೆ ವಿಶೇಷ ಸ್ಥಾನವಿದೆ. ಹಳೇ ಮೈಸೂರು ಭಾಗದಲ್ಲಿ ಮುದ್ದೆಯನ್ನು ಅಗಿಯುವ ರೂಢಿಯಿಲ್ಲ. ತುತ್ತು ಮುರಿದು, ಉಂಡೆ ಮಾಡಿ, ಬಸ್ಸಾರಿನಲ್ಲೋ ಉಪ್ಪೆಸರಿನಲ್ಲೋ ಅದ್ದಿ ನುಂಗುತ್ತಾರೆ. ಪಿಷ್ಟ ಬಾಯಲ್ಲಿ ನಿಲ್ಲುವುದು ಕ್ಷಣಮಾತ್ರ. ನಾಲಿಗೆಗೆ ತಾಗುವುದು ಬಹುಮಟ್ಟಿಗೆ ಸಾರು. ರುಚಿ ಒಂದು ದಾರಿಯಲ್ಲಿ, ಗ್ಲೂಕೋಸ್ ಇನ್ನೊಂದು ದಾರಿಯಲ್ಲಿ ಬರುವ ಈ ಊಟದ ವಿನ್ಯಾಸ ಸ್ಕ್ಲಫಾನಿಯವರ 1988ರ ಪ್ರಯೋಗದ ವಿನ್ಯಾಸವನ್ನು ಗಮನಾರ್ಹವಾಗಿ ಹೋಲುತ್ತದೆ. ಆದ್ದರಿಂದ ಈ ಲೇಖನ ಒಂದು ಊಹೆಯನ್ನು ಮುಂದಿಡುತ್ತದೆ: ಮುದ್ದೆ ಉಣ್ಣುವವರಲ್ಲಿ ರಾಗಿಯ ಪಿಷ್ಟದ ಪ್ರತಿಫಲ ಸ್ವಲ್ಪ ಮಟ್ಟಿಗಾದರೂ ಸಾರಿನ ರುಚಿಗೆ ಅಂಟಿಕೊಂಡಿರುತ್ತದೆ.

ಈ ಊಹೆಗೆ ಮಿತಿಗಳಿವೆ. ನುಂಗಿದ ತುತ್ತಿನೊಂದಿಗೆ ಹೋದ ಜೊಲ್ಲು ಹೊಟ್ಟೆಯಲ್ಲೂ ಕೆಲಕಾಲ ಕೆಲಸ ಮಾಡುತ್ತದೆ. ಸಾರಿನ ಉಪ್ಪು, ಖಾರ, ಬೇಳೆ, ಒಗ್ಗರಣೆಯ ಎಣ್ಣೆ ತಮ್ಮಷ್ಟಕ್ಕೇ ಮೆಚ್ಚುಗೆ ಹುಟ್ಟಿಸಬಲ್ಲವು. ಹೊಟ್ಟೆ ಗಟ್ಟಿಯಾಗಿ ತುಂಬಿದ ತೃಪ್ತಿ, ಬಾಲ್ಯದ ಅಭ್ಯಾಸ ಇವೂ ಸೇರಿಕೊಂಡಿವೆ. ಮುಖ್ಯವಾಗಿ, ಎಸ್‌ಜಿಎಲ್‌ಟಿ1 ಕುರಿತ ಬಲವಾದ ಸಾಕ್ಷ್ಯವೆಲ್ಲ ಇಲಿಗಳದ್ದು.

ಮನುಷ್ಯರ ಡೋಪಮೈನ್ ಬಗ್ಗೆಯಂತೂ ಇನ್ನಷ್ಟು ಸಂಯಮ ಬೇಕು. ಕಲೋನ್‌ನ ಸಂಶೋಧಕರು 2019ರಲ್ಲಿ ಮಿಲ್ಕ್‌ಶೇಕ್ ಕುಡಿದವರಲ್ಲಿ ಬಾಯಿಗೆ ತಾಗಿದಾಗ ಒಮ್ಮೆ, ಹೊಟ್ಟೆ ಸೇರಿದ ಮೇಲೆ ಇನ್ನೊಮ್ಮೆ ಡೋಪಮೈನ್ ಏರಿದ್ದನ್ನು ವರದಿ ಮಾಡಿದ್ದರು. ಕೆವಿನ್ ಹಾಲ್ ಸಹಲೇಖಕರಾಗಿದ್ದ 2025ರ ಅಮೆರಿಕದ ಅಧ್ಯಯನದಲ್ಲಿ, 50 ಮಂದಿಯಲ್ಲಿ, ಕೊಬ್ಬು-ಸಕ್ಕರೆ ತುಂಬಿದ ಮಿಲ್ಕ್‌ಶೇಕ್‌ಗೆ ಒಟ್ಟಾರೆಯಾಗಿ ಗಣನೀಯ ಏರಿಕೆ ಕಾಣಲಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಪ್ರತಿಕ್ರಿಯೆ ಬಹಳ ಬೇರೆಯಾಗಿತ್ತು. ಅನ್ನವನ್ನೋ ಸಕ್ಕರೆಯನ್ನೋ ಮಾದಕ ವಸ್ತುವಿಗೆ ಸಮೀಕರಿಸುವ ಜನಪ್ರಿಯ ಮಾತಿಗೆ ಈ ಸಾಕ್ಷ್ಯ ಆಧಾರ ಕೊಡುವುದಿಲ್ಲ.

ಆದರೂ ಪ್ರಶ್ನೆ ಭಾರತಕ್ಕೆ ಅಮುಖ್ಯವಲ್ಲ. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ 2025ರ ವಿಶ್ಲೇಷಣೆಯ ಪ್ರಕಾರ ಭಾರತೀಯರ ಆಹಾರಶಕ್ತಿಯಲ್ಲಿ ಸುಮಾರು 62 ಶೇಕಡ ಶರ್ಕರಪಿಷ್ಟಗಳಿಂದ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಬಿಳಿ ಅಕ್ಕಿ ಮತ್ತು ಹಿಟ್ಟು ಮಾಡಿದ ಧಾನ್ಯಗಳದ್ದು. ಅನ್ನ ಕಡಿಮೆ ಮಾಡಿ ಎಂಬ ಸಲಹೆ ಏಕೆ ನಿಲ್ಲುವುದಿಲ್ಲ ಎಂದು ತಿಳಿಯಲು ಆ ಒಲವು ಎಲ್ಲಿ ಕಟ್ಟಿಕೊಳ್ಳುತ್ತದೆಂಬುದು ಗೊತ್ತಾಗಬೇಕು.

ಮೇಲಿನ ಊಹೆಯನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ಪರಿಚಯವಿಲ್ಲದ ಎರಡು ಸೊಪ್ಪಿನ ಪರಿಮಳದ ಸಾರುಗಳನ್ನು ಆರಿಸಿ, ಒಂದನ್ನು ಮುದ್ದೆಯೊಂದಿಗೆ, ಇನ್ನೊಂದನ್ನು ಅಷ್ಟೇ ಗಾತ್ರದ, ಜೀರ್ಣವಾಗದ ನಾರಿನ ಉಂಡೆಯೊಂದಿಗೆ ಕೆಲವು ವಾರ ಬಡಿಸಬೇಕು. ಅರ್ಧ ಜನ ಅಗಿದು, ಅರ್ಧ ಜನ ನುಂಗಿ ಉಣ್ಣಬೇಕು. ಕೊನೆಗೆ ಸಾರನ್ನಷ್ಟೇ ಕೊಟ್ಟು ಮೆಚ್ಚುಗೆಯನ್ನು ಅಳೆಯಬೇಕು. ನುಂಗಿದವರಲ್ಲಿಯೂ ಮುದ್ದೆಯ ಜೊತೆಗಿದ್ದ ಸಾರಿಗೇ ಒಲವು ಬೆಳೆದರೆ ಕರುಳಿನ ವಾದಕ್ಕೆ ಬಲ ಬರುತ್ತದೆ. ಅಗಿದವರಲ್ಲಿ ಮಾತ್ರ ಬೆಳೆದರೆ ಬಾಯಿಯ ಪಾತ್ರವನ್ನು ಈ ಲೇಖನ ಕಡಿಮೆ ಅಂದಾಜು ಮಾಡಿದೆಯೆಂದಾಗುತ್ತದೆ. ಎಸ್‌ಜಿಎಲ್‌ಟಿ1 ಹುಟ್ಟಿನಿಂದಲೇ ಕೆಲಸ ಮಾಡದ, ಗ್ಲೂಕೋಸ್-ಗ್ಯಾಲಕ್ಟೋಸ್ ಹೀರಲಾರದ ಅಪರೂಪದ ಕಾಯಿಲೆಯವರ ಆಹಾರದ ಒಲವುಗಳ ಅಧ್ಯಯನ ಇನ್ನೊಂದು ಕಡೆಯಿಂದ ಇದನ್ನು ಇತ್ಯರ್ಥಪಡಿಸಬಹುದು. ಆದರೆ ಅವರಿಗೆ ಸಕ್ಕರೆಯಿಂದ ತೀವ್ರ ಭೇದಿಯಾಗುವ ಕಾರಣ, ಒಲವಿನ ಕೊರತೆಯನ್ನು ಹೇಸಿಗೆಯ ಕಲಿಕೆಯಿಂದ ಬೇರ್ಪಡಿಸುವ ವಿಧಾನ ಮೊದಲು ರೂಪುಗೊಳ್ಳಬೇಕು.