ಗಾಳಿಸುದ್ದಿಯ ಹೊಸ ವಾಹನ
1990ರ ದಶಕದಲ್ಲಿ ಬೆಂಗಳೂರಿನ ಅನೇಕ ಮನೆಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡದ್ದು, ಪರಿಚಿತರ ದನಿಯಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ ಎಂಬ ಗಾಳಿಸುದ್ದಿಯಿಂದ. ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತೆಂಬುದನ್ನು ಯಾರೂ ಶಂಕಿಸಿದಂತಿಲ್ಲ. ಆ ಭಯಕ್ಕೆ ಬಳಪದ ಒಂದು ಗೀಟು ಸಾಕಾಗಿತ್ತು.

ಗಾಳಿಸುದ್ದಿ ಮೊಬೈಲ್ ಏರಿದ ಮೇಲೆ ಭಯ ಅಷ್ಟಕ್ಕೇ ನಿಲ್ಲಲಿಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಕೊಕ್ರಝಾರ್ ಹಿಂಸಾಚಾರದ ಬೆನ್ನಿಗೆ, ಬೆದರಿಕೆಯ ಎಸ್ಸೆಮ್ಮೆಸ್‌ಗಳೂ ಬೇರೆಡೆಯ ದುರಂತಗಳ ಚಿತ್ರಗಳೂ ಮೊಬೈಲ್ ಮತ್ತು ಅಂತರ್ಜಾಲದಲ್ಲಿ ಹರಡಿದಾಗ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರನ್ನು ತೊರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು.

2018ರಲ್ಲಿ ಪರಿಣಾಮ ಇನ್ನೂ ಘೋರವಾಯಿತು. ಮಕ್ಕಳ ಸುರಕ್ಷತೆಯ ಅರಿವಿಗಾಗಿ ಕರಾಚಿಯಲ್ಲಿ ತಯಾರಾದ ಕಿರುಚಿತ್ರವೊಂದರ ಕೊನೆಯ ಭಾಗವನ್ನು, ಅಂದರೆ ಅದು ಬರಿಯ ಅಭಿನಯವೆಂದು ತಿಳಿಸುವ ಭಾಗವನ್ನು, ಕತ್ತರಿಸಿ, ಉಳಿದದ್ದನ್ನು ನಿಜವಾದ ಅಪಹರಣವೆಂಬಂತೆ ವಾಟ್ಸಾಪ್‌ನಲ್ಲಿ ಹಂಚಲಾಯಿತು. ‘ಮಕ್ಕಳ ಕಳ್ಳರು’ ಎಂಬ ಶಂಕೆಗೆ ಸಿಲುಕಿ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ವಲಸೆ ಕಾರ್ಮಿಕನೊಬ್ಬನೂ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಹಂಚಿದ ತಂಡದಲ್ಲಿದ್ದ ಹೈದರಾಬಾದಿನ ಯುವಕನೊಬ್ಬನೂ ಗುಂಪಿನ ಕೈಯಲ್ಲಿ ಸತ್ತರು. ಚಾಕೊಲೇಟ್ ಹಂಚಿದ ಊರಿನಿಂದ ಪಾರಾಗಿ ಹೊರಟವರ ಕಾರಿಗಿಂತ ಮೊದಲೇ ಅವರ ವಿಡಿಯೊ ಮುರ್ಕಿಯನ್ನು ತಲುಪಿತ್ತೆಂಬುದು ಇಲ್ಲಿ ಮುಖ್ಯ. ಓಡುವವನಿಗಿಂತ ವದಂತಿ ವೇಗವಾಗಿ ಓಡಿತು. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಳಿಗಷ್ಟೇ ರವಾನಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು.